ನಗರಸಭೆಯ ಫುಟ್‌ಬಾಲ್ ಮೈದಾನವನ್ನು ಹೊಸದಾಗಿ ಕಟ್ಟುವವರಿಗೆ: ಮೊದಲು ನೆಲ, ಆಮೇಲೆ ಗ್ಯಾಲರಿ

ಊರಿನ ಫುಟ್‌ಬಾಲ್ ಮೈದಾನಕ್ಕೆ ಅನುದಾನ ಮಂಜೂರಾಗಿದೆ, ಕೃತಕ ಹುಲ್ಲು ಹಾಸಿಸಬೇಕೇ ಅಥವಾ ನಿಜವಾದ ಹುಲ್ಲನ್ನೇ ಬೆಳೆಸಬೇಕೇ, ಗ್ಯಾಲರಿ ಮೊದಲೋ ಅಂಕಣ ಮೊದಲೋ ಎಂಬ ಪ್ರಶ್ನೆ ಕ್ಲಬ್‌ಗಳ ಕಾರ್ಯದರ್ಶಿಗಳಿಂದ, ವಾರ್ಡ್ ಸದಸ್ಯರಿಂದ, ಕೆಲವೊಮ್ಮೆ ನಗರಸಭೆಯ ಎಂಜಿನಿಯರುಗಳಿಂದಲೂ ಮತ್ತೆ ಮತ್ತೆ ಬರುತ್ತಿದೆ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದ ಕರ್ನಾಟಕ 54 ವರ್ಷಗಳ ಬಳಿಕ ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಟೂರ್ನಿಯಾದ ಸಂತೋಷ್ ಟ್ರೋಫಿಯನ್ನು ಮರಳಿ ತಂದಿತು. ಮುಂದಿನ ತಂಡದ ಆಟಗಾರರು ಬರಬೇಕಾದದ್ದು ಇಂಥ ಸಾರ್ವಜನಿಕ ಮೈದಾನಗಳಿಂದಲೇ ಆದ್ದರಿಂದ ಈ ಪ್ರಶ್ನೆಗೆ ವಿವರವಾಗಿಯೇ ಉತ್ತರಿಸುವುದು ಸೂಕ್ತ.

ಇಲ್ಲಿ ‘ಅಂಕಣ’ ಎಂದರೆ ಆಟ ನಡೆಯುವ ನೆಲ ಮಾತ್ರ; ‘ಮೈದಾನ’ ಎಂದರೆ ಆವರಣದ ಗೋಡೆಯೊಳಗಿನ ಸಮಸ್ತ. ನೀವು ಮೊದಲೇ ಒಪ್ಪಿಕೊಳ್ಳಬೇಕಾದ ಒಂದು ಮಾತಿದೆ. ಇಂಥ ಕಾಮಗಾರಿಗಳಲ್ಲಿ ಹಣ ಸಾಮಾನ್ಯವಾಗಿ ಕಣ್ಣಿಗೆ ಕಾಣುವ ಕಮಾನು, ಗ್ಯಾಲರಿ, ಬಣ್ಣಗಳ ಕಡೆಗೇ ಹರಿಯುತ್ತದೆ. ಆದರೆ ಮೈದಾನ ಉಳಿಯುವುದೂ ಹಾಳಾಗುವುದೂ ಹುಲ್ಲಿನ ಕೆಳಗಿನ ಒಂದೂವರೆ ಅಡಿಯಲ್ಲಿ. ಕೆಳಗಿನ ಹಂತಗಳನ್ನು ಆ ನಂಬಿಕೆಯ ಮೇಲೆಯೇ ಜೋಡಿಸಲಾಗಿದೆ. ಕ್ರಮವನ್ನು ದಯವಿಟ್ಟು ಬದಲಿಸಬೇಡಿ.

1. ನೆಲದ ದಾಖಲೆಗಳನ್ನು ಒಟ್ಟುಮಾಡಿ

ಮೈದಾನ ನಗರಸಭೆಯದೇ ಎಂದು ಊರಿಗೆಲ್ಲ ತಿಳಿದಿದ್ದರೂ ಕಾಗದದಲ್ಲಿ ಅದು ಕಂದಾಯ ಇಲಾಖೆಯದೋ, ಕ್ರೀಡಾ ಇಲಾಖೆಯದೋ, ಹಿಂದೆಂದೋ ಗುತ್ತಿಗೆಗೆ ಕೊಟ್ಟ ಸಂಸ್ಥೆಯದೋ ಆಗಿರಬಹುದು. ಸರ್ವೆ ನಕ್ಷೆ, ಪಹಣಿ ಅಥವಾ ನಗರ ಮಾಪನದ ದಾಖಲೆ, ನಗರಸಭೆಯ ಆಸ್ತಿ ವಹಿಯ ಪ್ರತಿ, ಹಳೆಯ ಗುತ್ತಿಗೆ ಪತ್ರಗಳು ಮತ್ತು ಊರಿನ ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ಆ ಜಾಗಕ್ಕೆ ತೋರಿಸಿರುವ ಬಳಕೆ, ಇವಿಷ್ಟನ್ನೂ ಪಡೆಯಿರಿ. ಕೇಳಿದರೆ ಸಿಗದಿದ್ದಲ್ಲಿ ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿಯಲ್ಲಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. 30 ದಿನಗಳೊಳಗೆ ಉತ್ತರ ಬರಬೇಕು. ಕರ್ನಾಟಕದ ನಿಯಮಗಳ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು ಮತ್ತು ಅದು 150 ಪದಗಳನ್ನು ಮೀರಬಾರದು ಎಂಬುದನ್ನು ಮರೆತರೆ ಅರ್ಜಿ ಹಿಂದಿರುಗುತ್ತದೆ.

ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ತೆರೆದ ಸ್ಥಳಗಳ ಸಂರಕ್ಷಣೆಗೆಂದೇ 1985ರ ಕಾಯ್ದೆಯೊಂದಿದೆ. ಮೈದಾನದ ಒಂದು ಮೂಲೆಯಲ್ಲಿ ವಾಣಿಜ್ಯ ಮಳಿಗೆಗಳನ್ನು ಕಟ್ಟಿ ಅದರ ಬಾಡಿಗೆಯಿಂದ ನಿರ್ವಹಣೆ ಮಾಡೋಣ ಎಂಬ ಸಲಹೆ ಪ್ರತಿ ಊರಿನಲ್ಲೂ ಬರುತ್ತದೆ. ಅದಕ್ಕೆ ತಲೆದೂಗುವ ಮೊದಲು ಆ ಕಾಯ್ದೆಯನ್ನು ಬಲ್ಲ ವಕೀಲರಿಗೆ ತೋರಿಸಿ. ಗಡಿಯಲ್ಲಿ ಒತ್ತುವರಿ ಇದ್ದರೆ ಅಳತೆ ಮಾಡಿಸಿ ಕಲ್ಲು ನೆಡಿಸುವ ಕೆಲಸವನ್ನು ಈ ಹಂತದಲ್ಲೇ ಮುಗಿಸಬೇಕು. ಕಾಮಗಾರಿ ಶುರುವಾದ ಮೇಲೆ ಎದ್ದ ತಕರಾರು ವರ್ಷಗಟ್ಟಲೆ ಕೆಲಸವನ್ನು ನಿಲ್ಲಿಸಬಲ್ಲದು.

2. ಆಟದ ಗಂಟೆಗಳನ್ನು ಲೆಕ್ಕ ಹಾಕಿ

ಟರ್ಫೋ (ಅಂದರೆ ಕೃತಕ ಹುಲ್ಲೋ) ನಿಜವಾದ ಹುಲ್ಲೋ ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಅಭಿರುಚಿಯಲ್ಲ, ವಾರದ ಲೆಕ್ಕ. ಎರಡು ವಾರ ಮೈದಾನದಲ್ಲಿ ಕುಳಿತು ಯಾರು, ಯಾವ ಹೊತ್ತಿಗೆ, ಎಷ್ಟು ಹೊತ್ತು ಆಡುತ್ತಾರೆ ಎಂಬುದನ್ನು ಬರೆದಿಡಿ. ಬೆಳಿಗ್ಗೆ 2 ಗಂಟೆ ಮಕ್ಕಳ ತರಬೇತಿ, ಸಂಜೆ 3 ಗಂಟೆ ಕ್ಲಬ್‌ಗಳ ಆಟ, ವಾರಕ್ಕೆ 6 ದಿನ, ಭಾನುವಾರ 6 ಗಂಟೆ ಪಂದ್ಯಗಳು ಎಂದಾದರೆ ಒಟ್ಟು 36 ಗಂಟೆಗಳಾಗುತ್ತವೆ. ಚೆನ್ನಾಗಿ ಕಟ್ಟಿ ಚೆನ್ನಾಗಿ ನೋಡಿಕೊಂಡ ಹುಲ್ಲಿನ ಅಂಕಣ ವಾರಕ್ಕೆ 15ರಿಂದ 20 ಗಂಟೆಗಳಷ್ಟು ಆಟವನ್ನು ತಾಳಿಕೊಂಡೀತು. ಅದನ್ನು ಮೀರಿದರೆ ಗೋಲಿನ ಮುಂದೆ ಮತ್ತು ನಡುವೃತ್ತದಲ್ಲಿ ಮಣ್ಣು ಕಾಣಿಸತೊಡಗುತ್ತದೆ.

ಈ ಲೆಕ್ಕದಲ್ಲಿ ಹೆಣ್ಣುಮಕ್ಕಳ ಆಟದ ಹೊತ್ತನ್ನು ಈಗಲೇ ಸೇರಿಸಿ. ಈಗ ಅವರು ಆಡುತ್ತಿಲ್ಲ ಎಂಬುದು ಸೇರಿಸದಿರಲು ಕಾರಣವಲ್ಲ. ಬಟ್ಟೆ ಬದಲಿಸುವ ಕೋಣೆಯೂ ಶೌಚಾಲಯವೂ ಇಲ್ಲದ್ದರಿಂದಲೇ ಅವರು ಬರುತ್ತಿಲ್ಲದಿರಬಹುದು.

3. ಮಣ್ಣು, ಮಟ್ಟ, ನೀರು: ಮೂರು ಪರೀಕ್ಷೆಗಳು

ಮೊದಲನೆಯದು ಇಂಗುವಿಕೆ. ಅಂಕಣದ ಐದಾರು ಕಡೆ ಒಂದಡಿ ಆಳದ ಗುಂಡಿ ತೋಡಿ, ನೀರು ತುಂಬಿಸಿ, ಅದು ಪೂರ್ತಿ ಇಂಗಿದ ಮೇಲೆ ಮತ್ತೆ ತುಂಬಿಸಿ ಗಂಟೆಗೆ ಎಷ್ಟು ಇಳಿಯುತ್ತದೆ ಎಂಬುದನ್ನು ಅಳೆಯಿರಿ. ಎರಡನೇ ಬಾರಿಯ ಅಳತೆಯೇ ನಿಜವಾದದ್ದು. ಬೆಳಗಾವಿ, ಹುಬ್ಬಳ್ಳಿ, ಕಲಬುರಗಿ ಕಡೆಯ ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವುದರಿಂದ ಅದರ ಮೇಲೆ ನೇರವಾಗಿ ಯಾವ ಮೇಲ್ಮೈಯನ್ನೂ ಹಾಸುವಂತಿಲ್ಲ. ಅಲ್ಲಿ ಮಣ್ಣಿನ ಮೇಲ್ಪದರವನ್ನು ತೆಗೆದು ಗಟ್ಟಿ ಗ್ರಾವೆಲ್ ತುಂಬಿಸುವುದು ಅಥವಾ ಮಣ್ಣನ್ನು ಸುಣ್ಣದಿಂದ ಸ್ಥಿರಗೊಳಿಸುವುದು ಅನಿವಾರ್ಯ. ಕರಾವಳಿಯ ಜಂಬಿಟ್ಟಿಗೆ ನೆಲದಲ್ಲಿ ನೀರು ಸಾಮಾನ್ಯವಾಗಿ ಚೆನ್ನಾಗಿ ಇಳಿದರೂ ಜೇಡಿಯ ಪದರವೊಂದು ಕೆಳಗೆ ಅಡಗಿದ್ದರೆ ಆಷಾಢದಲ್ಲಿ ಮೈದಾನ ಕೆರೆಯಾಗುತ್ತದೆ.

ಎರಡನೆಯದು ಮಟ್ಟ. ಒಂದು ಗಂಟೆಯಲ್ಲಿ 50 ಮಿಲಿಮೀಟರ್ ಮಳೆ ಬಿದ್ದರೆ 8,000 ಚದರ ಮೀಟರ್ ಅಂಕಣದ ಮೇಲೆ 4 ಲಕ್ಷ ಲೀಟರ್ ನೀರು ನಿಂತಂತೆ. ಈ ನೀರು ಎಲ್ಲಿಗೆ ಹೋಗಬೇಕು? ಪಕ್ಕದ ಚರಂಡಿಯ ಅಥವಾ ರಾಜಕಾಲುವೆಯ ತಳ ನಿಮ್ಮ ಅಂಕಣದ ಕೊಳವೆಗಳ ತುದಿಗಿಂತ ಕೆಳಗಿದೆಯೇ ಎಂಬುದನ್ನು ಸರ್ವೆಯರ್‌ನಿಂದ ಅಳೆಸಿ. ರಸ್ತೆಗಳಿಗೆ ಡಾಂಬರಿನ ಮೇಲೆ ಡಾಂಬರು ಹಾಕುತ್ತ ಬಂದಿರುವ ನಮ್ಮ ಊರುಗಳಲ್ಲಿ ಅನೇಕ ಮೈದಾನಗಳು ಸುತ್ತಲಿನ ರಸ್ತೆಗಿಂತ ತಗ್ಗಿಗೆ ಬಿದ್ದಿವೆ. ಹೊರಹರಿವಿಗೆ ದಾರಿಯೇ ಇಲ್ಲದೆ ಎಷ್ಟು ಒಳ್ಳೆಯ ಕೊಳವೆ ಹೂತರೂ ಅದು ನೀರು ತುಂಬಿದ ಕೊಳವೆಯಾಗಿಯೇ ಉಳಿಯುತ್ತದೆ.

ಮೂರನೆಯದು ನೀರಾವರಿ. ಬೇಸಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್‌ನಂತೆ ಹಾಯಿಸಿದರೆ ಅದೇ ಅಂಕಣಕ್ಕೆ 40,000 ಲೀಟರ್ ಬೇಕಾಗುತ್ತದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರನ್ನು ತೋಟಗಳಿಗೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸಿದ್ದನ್ನು ನೆನಪಿಡಿ. ಸಂಸ್ಕರಿತ ಕೊಳಚೆ ನೀರು ಹುಲ್ಲಿಗೆ ಒಳ್ಳೆಯದೇ, ಆದರೆ ಅದರ ಲವಣಾಂಶವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಮೇಲೆಯೇ ಒಪ್ಪಿಕೊಳ್ಳಬೇಕು.

4. ಮೇಲ್ಮೈಯನ್ನು ಆರಿಸಿ

ವಾರದ ಗಂಟೆಗಳು 20ರೊಳಗಿದ್ದು ನೀರಿನ ಮೂಲ ಖಚಿತವಾಗಿದ್ದರೆ ನೈಸರ್ಗಿಕ ಹುಲ್ಲನ್ನೇ ಆರಿಸಿ ಎಂಬುದು ನನ್ನ ಸ್ಪಷ್ಟ ಸಲಹೆ. ನಮಗೆ ಹೊಂದುವ ಹುಲ್ಲು ನಮ್ಮ ಗರಿಕೆಯೇ: ಜಗತ್ತಿನ ಬಿಸಿ ಪ್ರದೇಶಗಳ ಅಂಕಣಗಳಲ್ಲಿ ‘ಬರ್ಮುಡಾ’ ಎಂಬ ಹೆಸರಿನಲ್ಲಿ ಬೆಳೆಸುವುದು ಇದನ್ನೇ ಅಥವಾ ಇದರ ಮಿಶ್ರತಳಿಗಳನ್ನು. ತುಳಿತವನ್ನು ತಾಳುತ್ತದೆ, ಬಳ್ಳಿಯಂತೆ ಹರಡಿ ತನ್ನ ಗಾಯವನ್ನು ತಾನೇ ಮುಚ್ಚಿಕೊಳ್ಳುತ್ತದೆ. ಆದರೆ ನೆರಳನ್ನು ಮಾತ್ರ ಸಹಿಸದು. ಆದ್ದರಿಂದ ಗ್ಯಾಲರಿಯ ಚಾವಣಿಯ ನೆರಳು ಅಂಕಣದ ಮೇಲೆ ಎಷ್ಟು ಹೊತ್ತು ಬೀಳುತ್ತದೆ ಎಂಬುದನ್ನು ವಾಸ್ತುಶಿಲ್ಪಿಯಿಂದ ಬರೆಸಿಕೊಳ್ಳಿ.

ಗಂಟೆಗಳು 36 ಅಥವಾ 40ನ್ನು ದಾಟಿದರೆ ಕೃತಕ ಹುಲ್ಲನ್ನು ಯೋಚಿಸಬೇಕಾಗುತ್ತದೆ. ಅದರ ಕಷ್ಟಗಳನ್ನೂ ತಿಳಿದೇ ಮುಂದುವರಿಯಿರಿ. ನೇರ ಬಿಸಿಲಿನಲ್ಲಿ ಅದರ ಮೇಲ್ಮೈ 60 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ಮಧ್ಯಾಹ್ನ ಮಕ್ಕಳನ್ನು ಆಡಿಸುವಂತಿಲ್ಲ. ಆಯುಷ್ಯ ಸುಮಾರು 8ರಿಂದ 10 ವರ್ಷ, ಆಮೇಲೆ ಹಾಸನ್ನು ಕಿತ್ತು ಬೇರೆಯದನ್ನು ತರಬೇಕು. ಅದಕ್ಕೆ ವರ್ಷವರ್ಷವೂ ನಿಧಿ ಕೂಡಿಡದಿದ್ದರೆ ಹರಿದ ಹಾಸಿನ ಮೇಲೆ ಆಡಿ ಮೊಣಕಾಲು ಕಳೆದುಕೊಳ್ಳುವವರು ನಿಮ್ಮ ಊರಿನ ಮಕ್ಕಳು. ಎಳೆಗಳ ನಡುವೆ ತುಂಬುವ ರಬ್ಬರ್ ಹರಳುಗಳು ಸೂಕ್ಷ್ಮ ಪ್ಲಾಸ್ಟಿಕ್ ಆಗಿ ಚರಂಡಿ ಸೇರುತ್ತವೆ. ಐರೋಪ್ಯ ಒಕ್ಕೂಟವು 2023ರಲ್ಲಿ ಮಾಡಿದ ನಿಯಮದಂತೆ ಇಂಥ ಹರಳುಗಳ ಮಾರಾಟ ಅಲ್ಲಿ 2031ರಲ್ಲಿ ನಿಲ್ಲಲಿದೆ. ತೆಂಗಿನ ನಾರು, ಬೆಂಡು ಮುಂತಾದ ಸಾವಯವ ತುಂಬುಗಳಿವೆ. ಆದರೆ ಭಾರಿ ಮಳೆಯಲ್ಲಿ ಅವು ತೇಲಿ ಹೋಗುವ ಸಂಭವವನ್ನು ಕರಾವಳಿ ಮತ್ತು ಮಲೆನಾಡಿನವರು ಗಣಿಸಬೇಕು.

ಎಚ್ಚರಿಕೆ: ‘ಫಿಫಾ ಪ್ರಮಾಣಿತ ಟರ್ಫ್’ ಎಂಬ ಮಾತಿಗೆ ಮಾರುಹೋಗಬೇಡಿ. ವಿಶ್ವ ಫುಟ್‌ಬಾಲ್ ಸಂಸ್ಥೆಯಾದ ಫಿಫಾದಲ್ಲಿ ಮುಖ್ಯವಾಗಿ ಎರಡು ದರ್ಜೆಗಳಿವೆ. ‘ಕ್ವಾಲಿಟಿ’ ಎಂಬುದು ಸಾರ್ವಜನಿಕರ ಹೆಚ್ಚಿನ ಬಳಕೆಗೆ, ‘ಕ್ವಾಲಿಟಿ ಪ್ರೊ’ ಎಂಬುದು ವೃತ್ತಿಪರ ಪಂದ್ಯಗಳಿಗೆ. ಮೊದಲನೆಯದರ ಪ್ರಮಾಣಪತ್ರ 3 ವರ್ಷ, ಎರಡನೆಯದರದು 1 ವರ್ಷ ಮಾತ್ರ ಊರ್ಜಿತ. ನಗರಸಭೆಗೆ ಬೇಕಾದದ್ದು ಮೊದಲನೆಯದು. ಮುಖ್ಯವಾಗಿ, ಪ್ರಮಾಣಪತ್ರ ಸಿಗುವುದು ಹಾಸಿ ಮುಗಿದ ಅಂಕಣವನ್ನು ಸ್ಥಳದಲ್ಲೇ ಪರೀಕ್ಷಿಸಿದ ಮೇಲೆ. ಗುತ್ತಿಗೆದಾರರು ತೋರಿಸುವ ಪ್ರಯೋಗಾಲಯದ ವರದಿ ಹಾಸಿನ ಮಾದರಿಯ ಬಗ್ಗೆ ಮಾತ್ರ ಹೇಳುತ್ತದೆ, ನಿಮ್ಮ ಅಂಕಣದ ಬಗ್ಗೆ ಏನನ್ನೂ ಹೇಳುವುದಿಲ್ಲ.

5. ಡಿಪಿಆರ್ ಮತ್ತು ಟೆಂಡರ್

ಡಿಪಿಆರ್ ಎಂದರೆ ವಿಸ್ತೃತ ಯೋಜನಾ ವರದಿ: ನಕ್ಷೆ, ಅಂದಾಜು ಪಟ್ಟಿ, ಪರೀಕ್ಷಾ ವರದಿಗಳು, ನಿರ್ವಹಣೆಯ ಲೆಕ್ಕ ಎಲ್ಲವೂ ಅದರಲ್ಲಿರಬೇಕು. ಲೋಕೋಪಯೋಗಿ ಇಲಾಖೆಯ ದರ ಪಟ್ಟಿ ಕಾಂಕ್ರೀಟಿಗೂ ಕಬ್ಬಿಣಕ್ಕೂ ಸಾಕು. ಕ್ರೀಡಾ ಅಂಕಣದ ವಿಶೇಷ ಸಾಮಗ್ರಿಗಳಿಗೆ ಮಾರುಕಟ್ಟೆಯಿಂದ ಬೇರೆಬೇರೆ ದರಪಟ್ಟಿ ತರಿಸಿ ವಿಶ್ಲೇಷಿಸಬೇಕು. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, 1999ರಂತೆ ಕಾಮಗಾರಿ ಟೆಂಡರಿಗೆ ಹೋಗಬೇಕು. ಅದೇ ಕಾಯ್ದೆಯ 4(ಜಿ) ವಿನಾಯಿತಿಯಡಿ ಟೆಂಡರ್ ಇಲ್ಲದೆ ಕೆಲಸ ವಹಿಸುವ ಪ್ರಸ್ತಾಪ ಬಂದರೆ, ವಹಿಸಿಕೊಳ್ಳುವವರು ಹಿಂದೆ ಕಟ್ಟಿದ ಅಂಕಣವೊಂದನ್ನು ಮಳೆಗಾಲದಲ್ಲಿ ಹೋಗಿ ನೋಡಿಬನ್ನಿ.

ಅಂಕಣದ ಕೆಲಸವನ್ನೂ ಕಟ್ಟಡದ ಕೆಲಸವನ್ನೂ ಎರಡು ಪ್ರತ್ಯೇಕ ಟೆಂಡರುಗಳಾಗಿ ಕರೆಯಿರಿ. ಒಂದೇ ಆಗಿದ್ದರೆ ಕಟ್ಟಡದ ಗುತ್ತಿಗೆದಾರರು ಅಂಕಣವನ್ನು ಕೊನೆಯಲ್ಲಿ ಉಳಿದ ಹಣದಲ್ಲಿ ಉಪಗುತ್ತಿಗೆಗೆ ಕೊಟ್ಟು ಮುಗಿಸುವ ಸಂಭವ ಹೆಚ್ಚು. ದೋಷ ಹೊಣೆಗಾರಿಕೆ ಅವಧಿ, ಅಂದರೆ ಕೆಟ್ಟದ್ದನ್ನು ಗುತ್ತಿಗೆದಾರರೇ ತಮ್ಮ ಖರ್ಚಿನಲ್ಲಿ ಸರಿಪಡಿಸಬೇಕಾದ ಕಾಲ, ಕನಿಷ್ಠ ಎರಡು ಮಳೆಗಾಲಗಳನ್ನು ಒಳಗೊಳ್ಳಲಿ. ಮೂರು ವರ್ಷಗಳ ನಿರ್ವಹಣೆಯೂ ಅದೇ ಒಪ್ಪಂದದಲ್ಲಿ ಸೇರಲಿ.

6. ಅಂಕಣವನ್ನು ಕೆಳಗಿನಿಂದ ಕಟ್ಟಿ

ಫುಟ್‌ಬಾಲ್ ನಿಯಮಗಳು ಉದ್ದಕ್ಕೆ 90ರಿಂದ 120 ಮೀಟರ್, ಅಗಲಕ್ಕೆ 45ರಿಂದ 90 ಮೀಟರ್ ಅವಕಾಶ ಕೊಡುತ್ತವೆ. 105 ಮತ್ತು 68 ಎಂಬುದು ದೊಡ್ಡ ಪಂದ್ಯಗಳಿಗೆ ಶಿಫಾರಸಾದ ಅಳತೆ. ಜಾಗ ಚಿಕ್ಕದಿದ್ದರೆ ಅಂಕಣವನ್ನು ಕಿರಿದು ಮಾಡಿ, ಆದರೆ ಗೆರೆಯಾಚೆಗಿನ 3 ಮೀಟರ್ ತೆರವನ್ನು ಕಡಿಮೆ ಮಾಡಬೇಡಿ. ಓಡಿಬಂದ ಆಟಗಾರ ಗೋಡೆಗೆ ಬಡಿಯಬಾರದು. ಉದ್ದವು ಉತ್ತರ ದಕ್ಷಿಣವಾಗಿದ್ದರೆ ಇಳಿಬಿಸಿಲು ಗೋಲ್‌ಕೀಪರನ ಕಣ್ಣಿಗೆ ಹೊಡೆಯುವುದಿಲ್ಲ.

ಮೊದಲು ತಳದ ಮಣ್ಣನ್ನು ಮುಂದೆ ಬರಬೇಕಾದ ಮೇಲ್ಮೈಯ ಇಳಿಜಾರಿಗೆ ಸಮನಾಗಿಯೇ ಹದಮಾಡಿ ರೋಲರ್ ಓಡಿಸಿ. ಅದರಲ್ಲಿ ಸುಮಾರು 5 ಮೀಟರಿಗೊಂದರಂತೆ ಬಸಿಗಾಲುವೆಗಳನ್ನು ತೋಡಿ, ತೂತುಕೊಳವೆಗಳನ್ನು 200ಕ್ಕೆ 1ರ ಇಳಿಜಾರಿನಲ್ಲಿ ಇಟ್ಟು ತೊಳೆದ ಜಲ್ಲಿಯಿಂದ ಮುಚ್ಚಬೇಕು. ಬಸಿಗಾಲುವೆ ಎಂದರೆ ಅಡಿಕೆ ತೋಟದವರಿಗೆ ಹೇಳಿಕೊಡಬೇಕಾದ್ದಿಲ್ಲ. ಬೇರಿನ ಬುಡದಲ್ಲಿ ನಿಂತ ನೀರನ್ನು ಹೊರಗೆಳೆಯುವ ಅದೇ ಉಪಾಯ ಇಲ್ಲಿ ನೆಲದೊಳಗೆ ಅಡಗಿರುತ್ತದೆ. ಕೊಳವೆಗಳ ಮೇಲೆ ಇಡೀ ಅಂಕಣಕ್ಕೆ 10 ಸೆಂಟಿಮೀಟರ್ ಜಲ್ಲಿ, ಅದರ ಮೇಲೆ 30 ಸೆಂಟಿಮೀಟರ್ ಬೇರುವಲಯ. ಬೇರುವಲಯ ಎಂದರೆ ಹುಲ್ಲು ಬೇರು ಬಿಡುವ, ಬಹುಪಾಲು ಮರಳಿನ ಮಿಶ್ರಣ. ಮರಳು ಜಲ್ಲಿಯ ಮೇಲೆ ಕುಳಿತಾಗ ಸ್ವಲ್ಪ ನೀರನ್ನು ತನ್ನಲ್ಲೇ ಹಿಡಿದಿಟ್ಟುಕೊಂಡು, ಮಿತಿಮೀರಿದ್ದನ್ನು ಒಮ್ಮೆಲೇ ಕೆಳಕ್ಕೆ ಬಿಟ್ಟುಬಿಡುತ್ತದೆ. ಬೇಸಗೆಯಲ್ಲಿ ಬೇರಿಗೆ ತೇವ, ಮಳೆಗಾಲದಲ್ಲಿ ಒಣ ಅಂಕಣ, ಎರಡೂ ಸಿಗುವುದು ಈ ಜೋಡಣೆಯಿಂದ. ಮೇಲ್ಮೈಗೆ 100ಕ್ಕೆ 1ರ ಇಳಿಜಾರು ಸಾಕು.

ಮರಳಿನ ಆಯ್ಕೆಯಲ್ಲಿಯೇ ಹೆಚ್ಚಿನವರು ಎಡವುತ್ತಾರೆ. 8,000 ಚದರ ಮೀಟರಿಗೆ 30 ಸೆಂಟಿಮೀಟರ್ ಎಂದರೆ 2,400 ಘನ ಮೀಟರ್. ಇಷ್ಟು ಮರಳನ್ನು ಒಂದೇ ಗುಣಮಟ್ಟದಲ್ಲಿ ತರಿಸುವುದು ನಮ್ಮಲ್ಲಿ ಸುಲಭವಲ್ಲ. ಕಣಗಳಲ್ಲಿ ಶೇ 60ಕ್ಕಿಂತ ಹೆಚ್ಚು ಕಾಲು ಮಿಲಿಮೀಟರಿನಿಂದ ಒಂದು ಮಿಲಿಮೀಟರಿನೊಳಗಿರಬೇಕು. ನವಿರಾದ ಗೋಡು ಶೇ 5ನ್ನೂ ಜೇಡಿ ಶೇ 3ನ್ನೂ ಮೀರಬಾರದು. ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿಮಾಡಿ ತಯಾರಿಸಿದ ಮರಳು, ಬಳಸುವುದಾದರೆ ತೊಳೆದು ಪುಡಿ ತೆಗೆದದ್ದೇ ಆಗಬೇಕು. ಪ್ರತಿ ಲಾರಿಯಿಂದ ಒಂದು ಹಿಡಿ ಮರಳನ್ನು ಗಾಜಿನ ಬಾಟಲಿಗೆ ಹಾಕಿ, ನೀರು ತುಂಬಿ ಕುಲುಕಿ, ಒಂದು ರಾತ್ರಿ ಬಿಡಿ. ಮೇಲೆ ಕೆಸರಿನ ಪದರ ದಪ್ಪವಾಗಿ ಕುಳಿತರೆ ಆ ಲಾರಿಯನ್ನು ವಾಪಸು ಕಳಿಸಿ. ಇದು ಪ್ರಯೋಗಾಲಯದ ಪರೀಕ್ಷೆಗೆ ಬದಲಿಯಲ್ಲ, ಆದರೆ ಸ್ಥಳದಲ್ಲಿ ನಿಂತವರ ಕೈಯಲ್ಲಿರುವ ಆಯುಧ. ಕ್ಲಬ್ಬಿನ ಹಿರಿಯ ಆಟಗಾರರೊಬ್ಬರು ಪ್ರತಿದಿನ ಈ ಕೆಲಸಕ್ಕೆ ನಿಲ್ಲುವುದು ಕಾಮಗಾರಿಗೆ ಅವರು ಮಾಡಬಹುದಾದ ದೊಡ್ಡ ಸೇವೆ.

ಹುಲ್ಲು ನೆಡುವ ಕಾಲವನ್ನು ಹಣಕಾಸು ವರ್ಷ ನಿರ್ಧರಿಸಬಾರದು. ಮಾರ್ಚ್ 31ರೊಳಗೆ ಬಿಲ್ಲು ಆಗಬೇಕೆಂದು ಹದವಾಗದ ನೆಲದ ಮೇಲೆ ಹುಲ್ಲಿನ ಚಾಪೆ ಹಾಸುವುದು ಹಣವನ್ನು ಮಣ್ಣಿಗೆ ಸುರಿದಂತೆ. ಕರಾವಳಿ, ಮಲೆನಾಡುಗಳಲ್ಲಿ ಮಣ್ಣಿನ ಕೆಲಸವನ್ನು ನವೆಂಬರಿನಿಂದ ಫೆಬ್ರುವರಿಯೊಳಗೆ ಮುಗಿಸಿ, ಮಾರ್ಚ್‌ನಲ್ಲಿ ಗರಿಕೆಯ ತುಂಡುಗಳನ್ನು ನೆಟ್ಟು ನೀರು ಹಾಯಿಸಿದರೆ 8ರಿಂದ 12 ವಾರಗಳಲ್ಲಿ, ಮುಂಗಾರು ಇಳಿಯುವ ಹೊತ್ತಿಗೆ, ನೆಲ ಮುಚ್ಚಿಕೊಂಡಿರುತ್ತದೆ. ಬಯಲುಸೀಮೆಯಲ್ಲಿ ಮೇ ಕೊನೆ, ಜೂನ್ ಮೊದಲು ಸೂಕ್ತ. ಜೇಕು ಹುಲ್ಲಿನ ಗಡ್ಡೆಗಳನ್ನು ನೆಡುವ ಮೊದಲೇ ಆರಿಸಿ ತೆಗೆಸಿ. ಆಮೇಲೆ ಅದನ್ನು ಗೆಲ್ಲುವುದು ಬಹಳ ಕಷ್ಟ.

ಕೃತಕ ಹುಲ್ಲಾದರೂ ಕೆಳಗಿನ ಬಸಿಗಾಲುವೆ, ಜಲ್ಲಿಗಳಿಗೆ ವಿನಾಯಿತಿಯಿಲ್ಲ. ಹಾಸಿನ ಅಡಿಯಲ್ಲಿ ಆಘಾತ ತಡೆಯುವ ಪದರವನ್ನು ಟೆಂಡರಿನಲ್ಲಿ ಹೆಸರಿಸಿ ಬರೆಯಿರಿ, ಏಕೆಂದರೆ ಖರ್ಚು ಇಳಿಸಲು ಮೊದಲು ಕೈಬಿಡುವುದು ಅದನ್ನೇ.

7. ಗ್ಯಾಲರಿ ಮತ್ತು ಬಾಗಿಲುಗಳು

ಹಳೆಯ ಗ್ಯಾಲರಿಗೆ ಬಣ್ಣ ಬಳಿಯುವ ಮೊದಲು ಕಾಂಕ್ರೀಟಿನ ಬಲ ಮತ್ತು ಒಳಗಿನ ಕಬ್ಬಿಣದ ತುಕ್ಕನ್ನು ಪರೀಕ್ಷಿಸಿ, ರಚನಾ ಎಂಜಿನಿಯರ್ ಒಬ್ಬರಿಂದ ಲಿಖಿತ ಅಭಿಪ್ರಾಯ ಪಡೆಯಿರಿ. ಕೆಡವಬೇಕೆಂದು ಬಂದರೆ ಕೆಡವಿ, ಅಲ್ಲಿ ಹುಲ್ಲಿನ ಏರಿಯನ್ನಷ್ಟೇ ಬಿಟ್ಟು ಹಣ ಬಂದಾಗ ಕಟ್ಟಿ. ಅಂಕಣ ಚೆನ್ನಾಗಿದ್ದರೆ ಜನ ನಿಂತೇ ನೋಡುತ್ತಾರೆ.

ಹೊಸದನ್ನು ಕಟ್ಟುವಾಗ ಎಷ್ಟು ಜನ ಕೂರಬಹುದು ಎಂಬುದಕ್ಕಿಂತ ಎಷ್ಟು ಹೊತ್ತಿನಲ್ಲಿ ಹೊರಹೋಗಬಹುದು ಎಂಬುದನ್ನು ಮೊದಲು ಕೇಳಿ. 1980ರ ಆಗಸ್ಟ್ 16ರಂದು ಕಲ್ಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ ಫುಟ್‌ಬಾಲ್ ಪಂದ್ಯ ನೋಡಲು ಬಂದ 16 ಮಂದಿ ಸತ್ತರು; 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತಕ್ಕೆ 11 ಮಂದಿ ಬಲಿಯಾದರು. ಬ್ರಿಟನ್ನಿನ ಕ್ರೀಡಾಂಗಣ ಸುರಕ್ಷತಾ ಮಾರ್ಗಸೂಚಿಯಂತೆ ಮೆಟ್ಟಿಲುಗಳಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ 66 ಜನ ಸಾಗಬಲ್ಲರು, 8 ನಿಮಿಷಗಳೊಳಗೆ ಎಲ್ಲರೂ ಹೊರಬರಬೇಕು. 3,000 ಜನರ ಗ್ಯಾಲರಿಗೆ ಈ ಲೆಕ್ಕದಲ್ಲಿ ಒಟ್ಟು ಸುಮಾರು 6 ಮೀಟರ್ ಅಗಲದ ಮೆಟ್ಟಿಲುಗಳು ಬೇಕು. ಬಾಗಿಲುಗಳು ಹೊರಮುಖವಾಗಿ ತೆರೆಯಲಿ. ಪಂದ್ಯದ ಹೊತ್ತಿನಲ್ಲಿ ಯಾವ ಬಾಗಿಲಿಗೂ ಬೀಗ ಇರಬಾರದು. ಆಂಬುಲೆನ್ಸ್ ಅಂಕಣದ ಅಂಚಿನವರೆಗೆ ಬರುವ ದಾರಿ, ಗಾಲಿಕುರ್ಚಿಯ ಇಳಿಜಾರು, ಹೆಣ್ಣುಮಕ್ಕಳಿಗೆ ಪ್ರತ್ಯೇಕ ಕೋಣೆ, ಕುಡಿಯುವ ನೀರು, ಇವು ನಕ್ಷೆಯಲ್ಲೇ ಇರಲಿ.

8. ದೀಪಗಳು

ಸ್ಥಳೀಯ ಪಂದ್ಯಗಳಿಗೆ 200 ಲಕ್ಸ್, ತರಬೇತಿಗೆ 75 ಲಕ್ಸ್ ಬೆಳಕು ಸಾಕು. ಲಕ್ಸ್ ಎಂದರೆ ನೆಲಕ್ಕೆ ತಲುಪಿದ ಬೆಳಕಿನ ಅಳತೆ. ಎರಡು ಹಂತಗಳಲ್ಲಿ ಹೊತ್ತಿಸುವ ವ್ಯವಸ್ಥೆ ಇರಲಿ, ಮತ್ತು ಮಂಜೂರಾದ ವಿದ್ಯುತ್ ಭಾರಕ್ಕೆ ದೀಪ ಉರಿಸದ ತಿಂಗಳಲ್ಲೂ ನಿಗದಿತ ಶುಲ್ಕ ಬರುತ್ತದೆ ಎಂಬುದನ್ನು ನಿರ್ವಹಣಾ ಲೆಕ್ಕದಲ್ಲಿ ಸೇರಿಸಿ.

9. ತೆರೆದ ಮೇಲೆ

ಬೇಸಗೆಯಲ್ಲಿಯೂ ಮಳೆಗಾಲದಲ್ಲಿಯೂ ಹುಲ್ಲನ್ನು ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಒಮ್ಮೆಗೆ ಕತ್ತರಿಸಬಾರದು. ತಿಂಗಳುಗಳ ತುಳಿತದಿಂದ ಬಿಗಿದ ನೆಲಕ್ಕೆ ಯಂತ್ರದಿಂದ ರಂಧ್ರ ಕೊರೆದು ಅದೇ ಗುಣಮಟ್ಟದ ಮರಳನ್ನು ಮೇಲೆ ಹರಡಬೇಕು. ಕೃತಕ ಹಾಸಿಗೆ ವಾರವಾರ ಬ್ರಷ್ ಎಳೆದು ಹರಳುಗಳನ್ನು ಸಮಮಾಡಬೇಕು. ಇದಕ್ಕೆ ಒಬ್ಬ ತರಬೇತಿ ಪಡೆದ ಮೈದಾನಪಾಲಕ ಬೇಕೇ ಬೇಕು; ಪೌರಕಾರ್ಮಿಕರಿಗೆ ಹೆಚ್ಚುವರಿಯಾಗಿ ಹೊರಿಸುವ ಕೆಲಸವಲ್ಲ ಇದು. ಮೈದಾನಪಾಲಕರ ಸಂಬಳ, ನೀರು, ವಿದ್ಯುತ್ತು, ಯಂತ್ರಗಳ ದುರಸ್ತಿಗೆ ನಗರಸಭೆಯ ಆಯವ್ಯಯದಲ್ಲಿ ಪ್ರತ್ಯೇಕ ಲೆಕ್ಕಶೀರ್ಷಿಕೆಯನ್ನು ಉದ್ಘಾಟನೆಗೆ ಮೊದಲೇ ತೆರೆಸಿ.

ಬಳಕೆಯ ನಿಯಮಗಳನ್ನು ಸಾಮಾನ್ಯ ಸಭೆಯ ನಿರ್ಣಯದ ಮೂಲಕ ಅಂಗೀಕರಿಸಿ. ಪಟಾಕಿ ಮಳಿಗೆ, ವಸ್ತುಪ್ರದರ್ಶನ, ರಾಜಕೀಯ ಸಮಾವೇಶ, ಹೆಲಿಕಾಪ್ಟರ್ ಇಳಿಸುವುದು, ಇವುಗಳಿಗೆ ಅಂಕಣ ಸಿಗದು ಎಂದು ಸ್ಪಷ್ಟವಾಗಿ ಬರೆಯಿರಿ. ಶಾಮಿಯಾನದ ಒಂದು ಗೂಟ ಬಸಿಗೊಳವೆಯನ್ನು ಸೀಳಬಲ್ಲದು. ಬೆಳಗಿನ ನಡಿಗೆಯವರಿಗೆ ಅಂಕಣದ ಹೊರಗೆ ಸುತ್ತುದಾರಿ ಮಾಡಿಕೊಟ್ಟರೆ ಅವರೇ ಮೈದಾನದ ಕಾವಲುಗಾರರಾಗುತ್ತಾರೆ.

ನಿರ್ವಹಣೆಯನ್ನು ಖಾಸಗಿ ಅಕಾಡೆಮಿಗೆ ವಹಿಸುವುದಾದರೆ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಒಂದು ಪುಟವನ್ನು ಎರಡು ಸಲ ಓದಿ: ಶುಲ್ಕ ಕೊಡಲಾಗದ ಓಣಿಯ ಮಕ್ಕಳಿಗೆ ವಾರಕ್ಕೆ ಎಷ್ಟು ಗಂಟೆ, ಯಾವ ಹೊತ್ತಿಗೆ ಎಂಬುದು ಅದರಲ್ಲಿ ಅಂಕಿಗಳಲ್ಲಿ ಇರಬೇಕು. ಎರಡನೇ ಹಂತದಲ್ಲಿ ನೀವು ಬರೆದಿಟ್ಟ ಗಂಟೆಗಳ ಪಟ್ಟಿಯನ್ನು ಆ ಪುಟಕ್ಕೆ ಲಗತ್ತಿಸಿ, ಅದರ ಒಂದು ಪ್ರತಿಯನ್ನು ಮೈದಾನದ ಮುಖ್ಯ ಬಾಗಿಲಿನಲ್ಲಿ ಎಲ್ಲರಿಗೂ ಕಾಣುವಂತೆ ಬರೆಸಿ.